ಫಾರ್ಮಲಿನ್‌ಗೆ ಹಾಕುವ ಮುಂಚೆ: ಮೀನಿನ ಮಾದರಿಯನ್ನು ಮ್ಯೂಸಿಯಂ ಒಪ್ಪುವಂತೆ ಇಡುವುದು ಹೇಗೆ?

ಪ್ರಶ್ನೆ: ನಾವು ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದವರು, ಹೊಳೆ ಮೀನುಗಳ ಸಮೀಕ್ಷೆ ಮಾಡುತ್ತಿದ್ದೇವೆ. ಹಿಡಿದ ಮೀನುಗಳನ್ನು ಅಲ್ಲೇ ಜೀವಂತವಾಗಿ ಫಾರ್ಮಲಿನ್ ಬಾಟಲಿಗೆ ಹಾಕಿ ತಂದಿದ್ದೆವು. ಎರಡು ವರ್ಷ ಬಿಟ್ಟು ಪ್ರಭೇದ ಗುರುತಿಸಲು ಕುಳಿತರೆ ಮೀನುಗಳು ಸೆಟೆದು ಬಾಗಿವೆ, ಬಾಯಿ ತೆರೆದೇ ಇದೆ, ರೆಕ್ಕೆಗಳು ಮೈಗೆ ಅಂಟಿವೆ. ಕೆಲವು ಲೇಬಲ್‌ಗಳಲ್ಲಿ ಅಕ್ಷರವೇ ಉಳಿದಿಲ್ಲ. ಕತ್ತರಿಸಿ ಕಳಿಸಿದ ತುಣುಕುಗಳಿಂದ ಡಿಎನ್‌ಎ ಬರಲಿಲ್ಲ ಎಂದು ಪ್ರಯೋಗಾಲಯದವರು ತಿಳಿಸಿದ್ದಾರೆ. ಮ್ಯೂಸಿಯಂನವರೂ ತೆಗೆದುಕೊಳ್ಳಲು ಹಿಂದೇಟು ಹಾಕುತ್ತಿದ್ದಾರೆ. ಮುಂದಿನ ಸಲ ಹೇಗೆ ಮಾಡಬೇಕು? ಈಗಿರುವ ಮೀನುಗಳನ್ನು ಎಸೆಯುವುದೇ?

ಉತ್ತರ: ಎಸೆಯಬೇಡಿ. ಅವುಗಳಿಂದ ಇನ್ನೂ ಏನೇನು ಸಿಗಬಹುದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಫಾರ್ಮಲಿನ್ ಬಳಸಿದ್ದು ತಪ್ಪಲ್ಲ, ಅದನ್ನು ಎಲ್ಲಕ್ಕಿಂತ ಮೊದಲು ಬಳಸಿದ್ದು ತಪ್ಪು. ಮಾದರಿ ಮಾಡುವಾಗ ಪ್ರತಿ ದ್ರಾವಣವೂ ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯುತ್ತದೆ. ಫಾರ್ಮಲಿನ್‌ನಲ್ಲಿ ಆಕಾರ ನಿಲ್ಲುತ್ತದೆ, ಡಿಎನ್‌ಎ ಕೆಡುತ್ತದೆ. ಗಟ್ಟಿ ಆಲ್ಕೋಹಾಲ್‌ನಲ್ಲಿ ಡಿಎನ್‌ಎ ಉಳಿಯುತ್ತದೆ, ಮೈ ಕುಗ್ಗಿ ಮುದುಡುತ್ತದೆ. ಬಣ್ಣ ಮಾತ್ರ ಎರಡರಲ್ಲೂ ನಿಲ್ಲುವುದಿಲ್ಲ. ಕೆಂಪು, ಹಳದಿ ವರ್ಣಗಳು ಬೇಗ ಹೋಗಿ, ಮೆಲನಿನ್‌ನಿಂದ ಬಂದ ಕಪ್ಪು ಪಟ್ಟೆ ಚುಕ್ಕೆಗಳಷ್ಟೇ ಉಳಿಯುತ್ತವೆ. ಹಾಗಾಗಿ ಯಾವುದು ಮೊದಲು ಅಳಿಯುತ್ತದೋ ಅದನ್ನು ಮೊದಲು ದಾಖಲಿಸಬೇಕು: ಫೋಟೋ, ಆಮೇಲೆ ಅಂಗಾಂಶದ ತುಣುಕು, ಆಮೇಲೆ ಫಾರ್ಮಲಿನ್, ನೀರು, ಕಡೆಗೆ 70% ಆಲ್ಕೋಹಾಲ್. ಈ ಸರದಿ ತಪ್ಪಿದರೆ ಹಿಂದಕ್ಕೆ ಹೋಗಲು ದಾರಿಯಿಲ್ಲ.

ಬಾಗಿದ ಮೈ, ತೆರೆದ ಬಾಯಿಗೆ ಕಾರಣ ಜೀವಂತವಾಗಿ ಹಾಕಿದ್ದೇ. ಫಾರ್ಮಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ತಗಲಿದ ಮೀನು ಒದ್ದಾಡುತ್ತದೆ, ಸ್ನಾಯು ಬಿಗಿಯುತ್ತದೆ, ಕಿವಿರಿನ ಮುಚ್ಚಳ ಅಗಲುತ್ತದೆ. ಅದೇ ಭಂಗಿಯಲ್ಲಿ ಪ್ರೋಟೀನುಗಳು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಮೀನಿಗೆ ಹಿಂಸೆಯಾಗುವುದಂತೂ ಸರಿಯೇ, ಮಾದರಿಗೂ ಅದು ಕೇಡು. ಸಂಗ್ರಹಕ್ಕೆ ಬೇಕಾದ ಅನುಮತಿಪತ್ರದಲ್ಲಿ ಕೊಲ್ಲುವ ವಿಧಾನವನ್ನೂ ನಮೂದಿಸಬೇಕಾಗುವುದು ಸಾಮಾನ್ಯ, ಅದನ್ನು ಮೊದಲೇ ನೋಡಿಕೊಳ್ಳಿ.

ಕೊಲ್ಲಲು ಅರಿವಳಿಕೆಯ ಅತಿಪ್ರಮಾಣವೇ ಸರಿಯಾದ ದಾರಿ. ಟ್ರೈಕೇನ್ (ಎಂಎಸ್-222) ಸಿಕ್ಕರೆ ಲೀಟರಿಗೆ 250ರಿಂದ 500 ಮಿ.ಗ್ರಾಂ. ಅದು ನೀರನ್ನು ಆಮ್ಲೀಯ ಮಾಡುತ್ತದಾದ್ದರಿಂದ ಅಷ್ಟೇ ತೂಕದ ಅಡುಗೆ ಸೋಡಾ ಸೇರಿಸಿ. ಅದಿಲ್ಲದಿದ್ದರೆ ಲವಂಗದ ಎಣ್ಣೆ. ಎಣ್ಣೆಯನ್ನು ನೇರವಾಗಿ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ, ಕೆಲಸ ಮಾಡುವುದಿಲ್ಲ. ಒಂದು ಭಾಗ ಎಣ್ಣೆಗೆ ಒಂಬತ್ತು ಭಾಗ ಎಥನಾಲ್ ಬೆರೆಸಿ ಇಟ್ಟುಕೊಂಡು, ಅದರಲ್ಲಿ 5 ಮಿ.ಲೀ.ಯನ್ನು ಒಂದು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ. ಕಿವಿರಿನ ಚಲನೆ ನಿಂತ ಕೂಡಲೇ ತೆಗೆಯಬೇಡಿ. ಸಣ್ಣ ಮೀನಿಗೆ ಆಮೇಲೂ ಕನಿಷ್ಠ 10 ನಿಮಿಷ, ದೊಡ್ಡದಕ್ಕೆ ಅರ್ಧ ಗಂಟೆ ಅಲ್ಲೇ ಇರಲಿ. ಹೀಗೆ ಸತ್ತ ಮೀನಿನ ಮೈ ಸಡಿಲವಾಗಿರುತ್ತದೆ, ಬಾಯಿ ಮುಚ್ಚಿರುತ್ತದೆ.

ಫೋಟೋ ಆ ಕ್ಷಣವೇ ಆಗಬೇಕು. ಮೀನಿನ ತಲೆ ನಿಮ್ಮ ಎಡಕ್ಕೆ ಇರುವಂತೆ, ಅಂದರೆ ಮೀನಿನ ಎಡಮೈ ಕಾಣುವಂತೆ, ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡು ಇಟ್ಟು ತೆಗೆಯಿರಿ. ಸಣ್ಣ ಗಾಜಿನ ತೊಟ್ಟಿಯಲ್ಲಿ ಶುದ್ಧ ನೀರು ತುಂಬಿ, ಮೀನನ್ನು ಮುಂದಿನ ಗಾಜಿಗೆ ಒತ್ತಿ ನಿಲ್ಲಿಸಿದರೆ ಮೈಮೇಲಿನ ಬೆಳಕಿನ ಹೊಳಪು ತಪ್ಪುತ್ತದೆ, ರೆಕ್ಕೆಗಳೂ ಬಿಚ್ಚಿ ನಿಲ್ಲುತ್ತವೆ. ಮೀನಿನ ಸಂಖ್ಯೆ ಫೋಟೋದೊಳಗೇ ಇರಲಿ. ಕಡತದ ಹೆಸರನ್ನು ಆಮೇಲೆ ಬದಲಿಸಿದರಾಯಿತು ಎಂದುಕೊಂಡವರ ಫೋಟೋ ಯಾವ ಮೀನಿನದೆಂದು ವರ್ಷದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಎಡಮೈ ಯಾಕೆಂದರೆ ಮೀನಿನ ಚಿತ್ರ ಬರೆಯುವಾಗಲೂ, ಅಳೆಯುವಾಗಲೂ ಎಡಮೈಯನ್ನೇ ನೋಡುವುದು ರೂಢಿ. ಆದ್ದರಿಂದ ಕತ್ತರಿ, ಸೂಜಿ, ಚಾಕು ಏನಿದ್ದರೂ ಬಲಮೈಗೆ. ಇದೊಂದನ್ನು ತಂಡದ ಎಲ್ಲರಿಗೂ ಹೊರಡುವ ಮುಂಚೆಯೇ ಹೇಳಿಡಿ.

ಡಿಎನ್‌ಎಗಾಗಿ ಬಲಮೈಯ ಸ್ನಾಯುವಿನಿಂದ ಬಟಾಣಿ ಕಾಳಿಗಿಂತ ಸಣ್ಣ ತುಣುಕು ಸಾಕು. ಎರಡು ಮೂರು ಸೆಂ.ಮೀ. ಮೀನಾದರೆ ಬಲಗಡೆಯ ಎದೆ ರೆಕ್ಕೆಯನ್ನೇ ಕತ್ತರಿಸಿಕೊಳ್ಳಿ. ತಿರುಪು ಮುಚ್ಚಳದ 2 ಮಿ.ಲೀ. ಟ್ಯೂಬಿನಲ್ಲಿ 95%ಕ್ಕಿಂತ ಕಡಿಮೆಯಿಲ್ಲದ, ಮೆಥನಾಲ್ ಬೆರೆಸದ ಎಥನಾಲ್ ಹಾಕಿ ಅದರಲ್ಲಿ ಮುಳುಗಿಸಿ. ತುಣುಕು ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ದಪ್ಪ ತುಣುಕಿನ ನಡುವಿಗೆ ಆಲ್ಕೋಹಾಲ್ ತಲುಪುವಷ್ಟರಲ್ಲಿ ಅಲ್ಲಿ ಕೊಳೆ ಶುರುವಾಗಿರುತ್ತದೆ; ಅದರಲ್ಲಿನ ನೀರು ಆಲ್ಕೋಹಾಲನ್ನೂ ತೆಳು ಮಾಡುತ್ತದೆ. ಗಾತ್ರದ ಹತ್ತು ಪಟ್ಟು ಆಲ್ಕೋಹಾಲ್ ಇರಲಿ, ಮರುದಿನ ಒಮ್ಮೆ ಬದಲಿಸಿ, ಆಮೇಲೆ ಮೈನಸ್ 20 ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಫ್ರೀಜರ್‌ನಲ್ಲಿಡಿ. ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿ, ಚಿಮುಟವನ್ನು ಒರೆಸಿ, ಆಲ್ಕೋಹಾಲ್‌ನಲ್ಲಿ ಅದ್ದಿ, ಜ್ವಾಲೆಗೆ ಹಿಡಿಯಿರಿ. ಆ ಜ್ವಾಲೆ ಆಲ್ಕೋಹಾಲ್ ಬಾಟಲಿಯಿಂದ ದೂರವಿರಲಿ.

ಟ್ಯೂಬಿನ ಸಂಖ್ಯೆಯೂ ಮೀನಿಗೆ ಕಟ್ಟಿದ ಸಂಖ್ಯೆಯೂ ಒಂದೇ ಆಗಿರಬೇಕು. ಒಂದೇ ಜಾಡಿಯ ಹತ್ತು ಮೀನುಗಳಲ್ಲಿ ಮೂರರಿಂದ ತುಣುಕು ತೆಗೆದು, ಯಾವ ಮೂರು ಎಂದು ಗುರುತು ಹಾಕದೆ ಬಿಡುವುದು ಬಹಳ ಕಡೆ ನಡೆಯುತ್ತದೆ. ಮುಂದೆ ಆ ಹತ್ತರಲ್ಲಿ ಎರಡು ಪ್ರಭೇದ ಬೆರೆತಿವೆ ಎಂದು ಗೊತ್ತಾದರೆ ನಿಮ್ಮ ಡಿಎನ್‌ಎ ಅನುಕ್ರಮಕ್ಕೆ ವಾರಸುದಾರರೇ ಇರುವುದಿಲ್ಲ. ತುಣುಕು ತೆಗೆದ ಪ್ರತಿ ಮೀನಿಗೂ ಬಲ ಕಿವಿರಿನೊಳಗಿಂದ ಬಾಯಿಗೆ ದಾರ ಹಾಯಿಸಿ ಸಂಖ್ಯೆಯ ಚೀಟಿ ಕಟ್ಟಿ. ಬಾಲದ ಬುಡಕ್ಕೆ ಬಿಗಿದರೆ ದಾರ ಹುರುಪೆ ಉದುರಿಸುತ್ತದೆ.

ರೆಕ್ಕೆ ಬಿಡಿಸುವ ಕೆಲಸವನ್ನು ಪ್ರತಿ ಮೀನಿಗೂ ಮಾಡಬೇಕಿಲ್ಲ, ಪ್ರತಿ ಪ್ರಭೇದದ ಒಂದೆರಡು ಒಳ್ಳೆಯ ಮೀನುಗಳಿಗೆ ಸಾಕು. ಥರ್ಮಕೋಲ್ ಹಾಳೆಯ ಮೇಲೆ ಎಡಮೈ ಮೇಲಾಗಿ ಮಲಗಿಸಿ, ಬೆನ್ನು, ಗುದ, ಬಾಲದ ರೆಕ್ಕೆಗಳನ್ನು ಸಣ್ಣ ಗುಂಡುಸೂಜಿಯಿಂದ ಅಗಲಿಸಿ ನಿಲ್ಲಿಸಿ. ಸೂಜಿ ಪೊರೆಯನ್ನು ಚುಚ್ಚಬಾರದು. ರೆಕ್ಕೆಯ ಪೊರೆಯನ್ನು ಹಿಡಿದಿರುವ ಕಡ್ಡಿಗಳಿಗೆ ಕಿರಣ ಎನ್ನುತ್ತಾರೆ; ಮೊದಲ ಕಿರಣದ ಮುಂದೆ ನೆಟ್ಟು ಅದಕ್ಕೆ ಒರಗಿಸಿ. ತೆಳು ಕುಂಚದಿಂದ ನೀರು ಬೆರೆಸದ ಫಾರ್ಮಲಿನ್ ಸವರಿದರೆ ಕೆಲವೇ ನಿಮಿಷದಲ್ಲಿ ರೆಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮ ಮೀನುಗಳಲ್ಲಿ ಈಗ ಎಣಿಸಲಾಗದ ಕಿರಣಗಳನ್ನು ಆಗ ಬರಿಗಣ್ಣಲ್ಲೇ ಎಣಿಸಬಹುದಿತ್ತು.

ಇನ್ನು ಫಾರ್ಮಲಿನ್. ಬಾಟಲಿಯಲ್ಲಿ ಬರುವುದು 37ರಿಂದ 40% ಫಾರ್ಮಾಲ್ಡಿಹೈಡ್. ಅದನ್ನೇ 100% ಫಾರ್ಮಲಿನ್ ಎಂದು ಲೆಕ್ಕ ಹಿಡಿದು, ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿದರೆ 10% ಫಾರ್ಮಲಿನ್. ಇಲ್ಲಿ ಗೊಂದಲ ಆಗುವುದುಂಟು: 10% ಫಾರ್ಮಾಲ್ಡಿಹೈಡ್ ಎಂದು ತಿಳಿದು ಎರಡೂವರೆ ಪಟ್ಟು ಗಟ್ಟಿ ದ್ರಾವಣ ಮಾಡಿದರೆ ಮೀನು ಅತಿಯಾಗಿ ಗಟ್ಟಿಯಾಗಿ ರೆಕ್ಕೆ ಮುರಿಯುತ್ತದೆ. ನೀರಿನ ಜೊತೆ ಬಫರ್, ಅಂದರೆ ಆಮ್ಲತೆ ಏರದಂತೆ ತಡೆಯುವ ಲವಣ, ಸೇರಲೇಬೇಕು. ಫಾರ್ಮಾಲ್ಡಿಹೈಡ್ ನಿಧಾನವಾಗಿ ಉತ್ಕರ್ಷಿಸಿ ಫಾರ್ಮಿಕ್ ಆಮ್ಲವಾಗುತ್ತದೆ, ಆ ಆಮ್ಲ ಮೂಳೆಯ ಸುಣ್ಣವನ್ನು ಕರಗಿಸುತ್ತದೆ. ಮೊದಲು ಹಾಳಾಗುವುದು ಒಳಕಿವಿಯಲ್ಲಿರುವ ಓಟೋಲಿತ್ ಎಂಬ ಸುಣ್ಣದ ಹರಳು. ಮೀನಿನ ವಯಸ್ಸು ಎಣಿಸುವುದು ಅದರ ಪದರಗಳಿಂದಲೇ. ಪ್ರತಿ ಲೀಟರ್ ಸಿದ್ಧ ದ್ರಾವಣಕ್ಕೆ ಮಾನೋಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಫಾಸ್ಫೇಟ್ 6.5 ಗ್ರಾಂ ಹಾಕಿದರೆ ಪಿಎಚ್ 7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊಳೆದಂಡೆಯ ಕೆಲಸಕ್ಕೆ ಬಿಳಿಗಾರ ಲೀಟರಿಗೆ 3 ಗ್ರಾಂನಷ್ಟು ಹಾಕುವವರೂ ಇದ್ದಾರೆ. ಕೆಲವು ದಿನಕ್ಕೆ ತೊಂದರೆಯಿಲ್ಲ, ಆದರೆ ವರ್ಷಗಟ್ಟಲೆ ಅದರಲ್ಲೇ ಬಿಟ್ಟರೆ ಕ್ಷಾರದಿಂದ ಸ್ನಾಯು ಪಾರದರ್ಶಕವಾಗುತ್ತಾ ಬರುತ್ತದೆ. ಫಾಸ್ಫೇಟ್ ವಾಸಿ.

ಮೀನಿನ ಗಾತ್ರದ ಹತ್ತು ಪಟ್ಟು ದ್ರಾವಣ ಇದ್ದರೆ ಉತ್ತಮ. ಅಷ್ಟು ಹೊತ್ತೊಯ್ಯಲು ಆಗದಿದ್ದರೆ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೀನು ತುಂಬಬೇಡಿ, ಮರುದಿನ ದ್ರಾವಣ ಬದಲಿಸಿ. ಸುಮಾರು 10 ಸೆಂ.ಮೀ. ಮೀರಿದ ಮೀನಿಗೆ ಹೊಟ್ಟೆಯ ಬಲಪಕ್ಕದಲ್ಲಿ ಸಣ್ಣದಾಗಿ ಸೀಳಿ, ಅಥವಾ ಸಿರಿಂಜಿನಿಂದ ಹೊಟ್ಟೆಯೊಳಗೂ ದಪ್ಪ ಸ್ನಾಯುವಿಗೂ ದ್ರಾವಣ ಚುಚ್ಚಿ. ಜೀರ್ಣರಸ ಒಳಗಿನಿಂದ ಕರುಳನ್ನೂ ಹೊಟ್ಟೆಯ ಗೋಡೆಯನ್ನೂ ಕರಗಿಸಲು ಹೆಚ್ಚು ಹೊತ್ತು ಬೇಕಿಲ್ಲ. ಹೊರಗೆ ಗಟ್ಟಿಯಾಗಿ ಕಂಡ ಮೀನಿನ ಹೊಟ್ಟೆ ಒಡೆದು ಹೋಗುವುದು ಹೀಗೆ. ಪಾತ್ರೆಯ ಬಾಯಿ ಅಗಲವಾಗಿರಲಿ, ಮೀನು ಮೊದಲ ದಿನ ನೇರವಾಗಿ ಮಲಗಲಿ. ಬಾಗಿದ ಸ್ಥಿತಿಯಲ್ಲಿ ಗಟ್ಟಿಯಾದದ್ದನ್ನು ಆಮೇಲೆ ನೇರ ಮಾಡಲಾಗದು.

ಹೊಟ್ಟೆ ಸೀಳಿದರೂ ಕರುಳು ತೆಗೆದುಹಾಕಬೇಡಿ. ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಹಳೆಯ ಸಿಹಿನೀರಿನ ಮೀನುಗಳ ಕರುಳನ್ನು ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕಳೆದ ಶತಮಾನದ ಮಧ್ಯಭಾಗಕ್ಕಿಂತ ಮುಂಚಿನ ಮೀನುಗಳಲ್ಲಿ ಪ್ಲಾಸ್ಟಿಕ್ ಕಣ ಇರಲಿಲ್ಲ, 1950ರ ದಶಕದಿಂದ ಈಚೆಗೆ ಏರುತ್ತಾ ಹೋಗಿತ್ತು. ಆ ಮೀನುಗಳನ್ನು ಜಾಡಿಗೆ ಹಾಕಿದವರಿಗೆ ಇಂಥ ಪ್ರಶ್ನೆ ಬರುತ್ತದೆಂಬ ಕಲ್ಪನೆಯೂ ಇರಲಿಲ್ಲ. ಇಡೀ ಮೀನನ್ನು ಇಟ್ಟದ್ದರಿಂದ ಉತ್ತರ ಸಿಕ್ಕಿತು. ಇದಕ್ಕೆ ತದ್ವಿರುದ್ಧ ಉದಾಹರಣೆ ಸೀಲಕಾಂತ್, ಎಂದೋ ಅಳಿದುಹೋಗಿದೆ ಎಂದುಕೊಂಡಿದ್ದ ಮೀನು. 1938ರ ಡಿಸೆಂಬರ್ 22ರಂದು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನಲ್ಲಿ ಅಲ್ಲಿನ ಮ್ಯೂಸಿಯಂನ ಮಾರ್ಜರಿ ಕೋರ್ಟ್ನೇ-ಲ್ಯಾಟಿಮರ್ ಅದನ್ನು ಗುರುತಿಸಿದಾಗ ಅಷ್ಟು ದೊಡ್ಡ ಮೀನಿಗೆ ಸಾಲುವ ಫಾರ್ಮಲಿನ್ ಇರಲಿಲ್ಲ, ಇಡಲು ಶೀತಲಗೃಹ ಒದಗಲಿಲ್ಲ. ಚರ್ಮವನ್ನು ತುಂಬಿಸಿ ಉಳಿಸಿಕೊಂಡರು, ಒಳಗಿನ ಅಂಗಗಳು ಕೊಳೆತು ಹೋದವು. ಆ ಅಂಗಗಳನ್ನು ನೋಡಲು 1952ರಲ್ಲಿ ಕೊಮೊರೊ ದ್ವೀಪಗಳಲ್ಲಿ ಎರಡನೆಯ ಮೀನು ಸಿಗುವವರೆಗೆ ಕಾಯಬೇಕಾಯಿತು.

ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಗಾಳಿಯಾಡುವ ಜಾಗ ಬೇಕೇ ಬೇಕು. ಬಳಸಿದ್ದನ್ನು ಹೊಳೆಗೂ ಚರಂಡಿಗೂ ಸುರಿಯುವಂತಿಲ್ಲ, ಡಬ್ಬಿಯಲ್ಲಿ ವಾಪಸು ತರಬೇಕು. ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಅದನ್ನು ಒಂದೇ ಕಪಾಟಿನಲ್ಲಿಡಬೇಡಿ. ಎರಡರ ಆವಿ ಬೆರೆತರೆ ಇನ್ನೂ ಅಪಾಯಕಾರಿ ಸಂಯುಕ್ತ ಹುಟ್ಟುತ್ತದೆ.

ಎಷ್ಟು ದಿನ ಇಡಬೇಕು? ಐದು ಸೆಂ.ಮೀ.ಗಿಂತ ಸಣ್ಣದಕ್ಕೆ ಎರಡು ಮೂರು ದಿನ, ಗೇಣುದ್ದದ್ದಕ್ಕೆ ಒಂದೆರಡು ವಾರ, ಇನ್ನೂ ದೊಡ್ಡದಕ್ಕೆ ಅದಕ್ಕಿಂತ ಹೆಚ್ಚು. ಎರಡು ವರ್ಷ ಅಲ್ಲೇ ಬಿಡುವಂಥದ್ದಲ್ಲ. ಆಮೇಲೆ ಎರಡು ದಿನವಾದರೂ ನೀರಿನಲ್ಲಿಟ್ಟು, ದಿನಕ್ಕೆ ಎರಡು ಸಲ ನೀರು ಬದಲಿಸಿ, ಫಾರ್ಮಲಿನ್ ವಾಸನೆ ಹೋಗುವಂತೆ ಮಾಡಿ. ಇದನ್ನು ಬಿಟ್ಟರೆ ಆಲ್ಕೋಹಾಲ್ ಜಾಡಿಯೊಳಗೂ ಫಾರ್ಮಿಕ್ ಆಮ್ಲ ಹುಟ್ಟುತ್ತಲೇ ಇರುತ್ತದೆ.

ನೀರಿನಿಂದ ನೇರ 70%ಗೆ ಹಾಕಿದರೆ ಮೈ ಸುಕ್ಕಾಗುತ್ತದೆ, ಕಣ್ಣು ಒಳಕ್ಕೆ ಸೇದುತ್ತದೆ. ಮೊದಲು 30%, ಆಮೇಲೆ 50%, ಕೊನೆಗೆ 70%, ಒಂದೊಂದರಲ್ಲಿ ಒಂದೆರಡು ದಿನ. ಲೆಕ್ಕ ಸುಲಭ: 95% ಎಥನಾಲ್ 700 ಮಿ.ಲೀ.ಗೆ 250 ಮಿ.ಲೀ. ನೀರು ಸೇರಿದರೆ 70%. 500ಕ್ಕೆ 450 ಸೇರಿದರೆ 50%. 300ಕ್ಕೆ 650 ಸೇರಿದರೆ 30%. ಮೀನಿನೊಳಗಿನ ನೀರು ಹೊರಬಂದು ದ್ರಾವಣ ತೆಳುವಾಗುವುದರಿಂದ ಎರಡು ಮೂರು ವಾರದ ಮೇಲೆ ಆಲ್ಕೋಹಾಲ್ ಮಾಪಕ ಅದ್ದಿ ನೋಡಿ, 65%ಕ್ಕಿಂತ ಕೆಳಗಿದ್ದರೆ ಬದಲಿಸಿ. ಗಾಜಿನ ಜಾಡಿ, ಪಾಲಿಪ್ರೊಪಿಲೀನ್ ಮುಚ್ಚಳ. ಲೋಹದ ಮುಚ್ಚಳ ತುಕ್ಕು ಹಿಡಿದು ಆಲ್ಕೋಹಾಲ್ ಆರಿಹೋಗುತ್ತದೆ. ಉದ್ದ ಮೀನುಗಳ ತಲೆ ಕೆಳಗೆ, ಬಾಲ ಮೇಲೆ ಇರಲಿ, ಆಗ ಮೈಭಾರ ಬಾಲದ ರೆಕ್ಕೆಯ ಮೇಲೆ ಬೀಳುವುದಿಲ್ಲ. ಕತ್ತಲೆ, ತಂಪು, ಏರಿಳಿತವಿಲ್ಲದ ಉಷ್ಣತೆ ಬೇಕು. 70% ಎಥನಾಲ್ ಸುಮಾರು 17 ಡಿಗ್ರಿಯಲ್ಲೇ ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ ಎಂಬುದನ್ನು ಕೋಣೆಯ ವಿದ್ಯುತ್ ಕೆಲಸ ಮಾಡಿಸುವಾಗ ನೆನಪಿಡಿ.

ಇಷ್ಟೆಲ್ಲ ಆದರೂ ಮ್ಯೂಸಿಯಂನವರು ಮೊದಲು ನೋಡುವುದು ಮೀನನ್ನಲ್ಲ, ಲೇಬಲನ್ನು. ಎಲ್ಲಿ ಯಾವಾಗ ಸಿಕ್ಕಿತೆಂದು ಗೊತ್ತಿಲ್ಲದ ಚೆಂದದ ಮೀನಿಗಿಂತ, ಅದು ನಿಖರವಾಗಿ ಗೊತ್ತಿರುವ ಬಾಗಿದ ಮೀನೇ ಸಂಶೋಧನೆಗೆ ಬೆಲೆಯುಳ್ಳದ್ದು. ಲೇಬಲ್ ಜಾಡಿಯ ಒಳಗಿರಬೇಕು. ಹೊರಗೆ ಅಂಟಿಸಿದ್ದು ಉದುರುತ್ತದೆ. ಹತ್ತಿ ನಾರಿನ, ಆಮ್ಲರಹಿತ ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಿಂದ, ಅಥವಾ ಆಲ್ಕೋಹಾಲ್‌ಗೆ ಕರಗದ ವರ್ಣದ್ರವ್ಯದ ಶಾಯಿಯಿಂದ ಬರೆಯಿರಿ. ಬಾಲ್‌ಪೆನ್, ಮಾರ್ಕರ್ ಆಲ್ಕೋಹಾಲ್‌ಗೆ ಕರಗುತ್ತವೆ. ಲೇಸರ್ ಪ್ರಿಂಟ್ ಮೊದಲಿಗೆ ಗಟ್ಟಿಯಾಗಿ ಕಾಣುತ್ತದೆ, ಕೆಲವು ವರ್ಷಗಳಲ್ಲಿ ಅಕ್ಷರಗಳು ಕಾಗದದಿಂದ ಎದ್ದು ಜಾಡಿಯ ತಳಕ್ಕೆ ಉದುರುವುದುಂಟು.

ಏನು ಬರೆಯಬೇಕು: ಸಂಗ್ರಹ ಸಂಖ್ಯೆ, ಹೊಳೆಯ ಹೆಸರು, ಅದು ಯಾವ ನದಿಗೆ ಸೇರುತ್ತದೆ, ಹತ್ತಿರದ ಊರು, ಅಕ್ಷಾಂಶ ರೇಖಾಂಶ, ಡಬ್ಲ್ಯುಜಿಎಸ್ 84 ಎಂಬಂತೆ ಬಳಸಿದ ನಿರ್ದೇಶಾಂಕ ವ್ಯವಸ್ಥೆ, ಎಷ್ಟು ಮೀಟರ್ ಆಚೀಚೆ ಇರಬಹುದು, ದಿನಾಂಕ, ಹಿಡಿದವರು, ಹಿಡಿದ ಬಗೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 4/5 ಎಂದರೆ ಒಂದು ದೇಶದಲ್ಲಿ ಮೇ, ಇನ್ನೊಂದರಲ್ಲಿ ಏಪ್ರಿಲ್. ‘ಸೇತುವೆಯ ಬಳಿ’ ಎಂದಷ್ಟೇ ಬರೆದರೆ ಸಾಲದು, ಸೇತುವೆ ಬದಲಾಗುತ್ತದೆ. ಯಾವ ಫೋಟೋ, ಯಾವ ಟ್ಯೂಬು ಎಂಬುದೂ ಟಿಪ್ಪಣಿ ಪುಸ್ತಕದಲ್ಲಿ ಇರಲಿ. ಒಂದು ಜಾಡಿಯಲ್ಲಿ ಒಂದೇ ಪ್ರಭೇದ, ಒಂದೇ ಜಾಗ, ಒಂದೇ ದಿನ. ನಿಮ್ಮ ಮೀನುಗಳಲ್ಲಿ ಹೊಸ ಪ್ರಭೇದ ಇದ್ದೀತೆಂಬ ಅನುಮಾನವಿದ್ದರೆ ಇದೆಲ್ಲ ಇನ್ನೂ ಮುಖ್ಯ: 1999ರ ನಂತರ ಪ್ರಕಟವಾಗುವ ಹೊಸ ಪ್ರಭೇದದ ಹೆಸರಿಗೆ ಹೋಲೋಟೈಪ್‌ನಂಥ ಹೆಸರು ಹೊರುವ ಮಾದರಿಯನ್ನು ಸ್ಪಷ್ಟವಾಗಿ ಸೂಚಿಸಿ, ಅದು ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಲೇಬೇಕೆಂಬುದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಿಯಮ.

ಈಗ ನಿಮ್ಮಲ್ಲಿರುವ ಮೀನುಗಳಿಗೆ ಬರೋಣ. ಮೊದಲು ಪ್ರತಿ ಬಾಟಲಿಯ ಪಿಎಚ್ ನೋಡಿ ಬರೆದಿಡಿ. 6ಕ್ಕಿಂತ ಕೆಳಗಿದ್ದರೆ ಮೂಳೆ, ಓಟೋಲಿತ್ ಹಾಳಾಗಿರುವ ಸಾಧ್ಯತೆ ಹೆಚ್ಚು. ನೀರಿನಲ್ಲಿ ತೊಳೆದು, ಮೇಲೆ ಹೇಳಿದಂತೆ 70%ಗೆ ಏರಿಸಿ. ಇದು ಈ ವಾರವೇ ಶುರುವಾಗಲಿ.

ಲೇಬಲ್‌ಗಳನ್ನು ಎಸೆಯಬೇಡಿ, ಖಾಲಿ ಕಂಡದ್ದನ್ನೂ. ಪೆನ್ಸಿಲ್ ಅಥವಾ ಬಾಲ್‌ಪೆನ್ ಒತ್ತಿ ಬರೆದಿದ್ದರೆ ಕಾಗದದಲ್ಲಿ ತಗ್ಗು ಉಳಿದಿರುತ್ತದೆ. ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ಫೋಟೋ ತೆಗೆದರೆ ಅನೇಕ ಸಲ ಓದಬಹುದು. ಟಿಪ್ಪಣಿ ಪುಸ್ತಕ, ಫೋನಿನಲ್ಲಿನ ಫೋಟೋಗಳ ಸಮಯ ಮತ್ತು ಸ್ಥಳ, ತಂಡದವರು ಬರೆದಿಟ್ಟ ಪ್ರಯಾಣದ ಲೆಕ್ಕ ಎಲ್ಲವನ್ನೂ ತಾಳೆ ನೋಡಿ. ಹೊಸ ಲೇಬಲ್ ಬರೆದಾಗ ಹಳೆಯದರ ಪಕ್ಕದಲ್ಲೇ ಹಾಕಿ, ‘ನಂತರ ಬರೆದದ್ದು’ ಎಂದೂ ಬರೆದ ದಿನಾಂಕವನ್ನೂ ಯಾವ ಆಧಾರದಿಂದ ಎಂಬುದನ್ನೂ ಸೇರಿಸಿ. ಎರಡು ಜಾಗಗಳಲ್ಲಿ ಯಾವುದೆಂದು ತೀರ್ಮಾನವಾಗದಿದ್ದರೆ ಎರಡನ್ನೂ ಬರೆಯಿರಿ. ಊಹೆಯನ್ನು ಖಚಿತವೆಂಬಂತೆ ಬರೆದ ಲೇಬಲ್ ಲೇಬಲೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ನಂಬಿ ಯಾರೋ ಪ್ರಭೇದದ ವ್ಯಾಪ್ತಿಯ ನಕ್ಷೆ ಬರೆಯುತ್ತಾರೆ.

ಬಾಗಿದ ಮೀನನ್ನು ಬಲವಂತವಾಗಿ ನೇರ ಮಾಡಬೇಡಿ. ಮೂತಿಯ ತುದಿಯಿಂದ ಬಾಲ ರೆಕ್ಕೆಯ ಬುಡದ ಮೂಳೆಯವರೆಗಿನ ಪ್ರಮಾಣಿತ ಉದ್ದ ಇಂಥವುಗಳಲ್ಲಿ ನಂಬಲರ್ಹವಲ್ಲ, ಅಳತೆ ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಡಿ. ತಲೆಯ ಉದ್ದ, ಕಣ್ಣಿನ ವ್ಯಾಸ, ಮೈಯ ಪಕ್ಕದಲ್ಲಿ ಉದ್ದಕ್ಕೂ ಕಾಣುವ ಪಾರ್ಶ್ವರೇಖೆಯ ಹುರುಪೆಗಳ ಎಣಿಕೆ ಸಾಮಾನ್ಯವಾಗಿ ಕೆಡುವುದಿಲ್ಲ. ಅಂಟಿದ ರೆಕ್ಕೆಯನ್ನು ನೀರು ತುಂಬಿದ ತಟ್ಟೆಯಲ್ಲಿ ಸೂಜಿಯ ಹಿಂಬದಿಯಿಂದ ಮೆಲ್ಲಗೆ ಎತ್ತಿ, ಕೆಳಗಿನಿಂದ ಬೆಳಕು ಬಿಟ್ಟು ಎಣಿಸಿ. ಆಗದಿದ್ದರೆ ಎಕ್ಸ್‌-ರೇ. ಅದರಲ್ಲಿ ಕಿರಣ, ಕಶೇರು ಎರಡೂ ಒಟ್ಟಿಗೆ ಸಿಗುತ್ತವೆ, ಮೀನಿಗೆ ಏನೂ ಆಗುವುದಿಲ್ಲ. ಬೆನ್ನು ಮತ್ತು ಗುದ ರೆಕ್ಕೆಗಳ ಕೊನೆಯಲ್ಲಿ ಒಂದೇ ಬುಡದಿಂದ ಎದ್ದ ಎರಡು ಕಿರಣಗಳನ್ನು ಒಂದೆಂದು ಎಣಿಸುವುದು ರೂಢಿ. ಇದು ಗೊತ್ತಿಲ್ಲದೆ ಒಂದು ಹೆಚ್ಚು ಎಣಿಸಿ ಪ್ರಭೇದ ತಪ್ಪಿಸುವವರು ಬಹಳ.

ಡಿಎನ್‌ಎ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಬಾರ್‌ಕೋಡಿಗೆ, ಅಂದರೆ ಡಿಎನ್‌ಎಯಿಂದ ಪ್ರಭೇದ ಗುರುತಿಸಲು, ಬಳಸುವ ಸಿಒಐ ಜೀನಿನ ತುಂಡು ಸುಮಾರು 650 ಬೇಸ್ (ಡಿಎನ್‌ಎ ಸರಪಳಿಯ ಕೊಂಡಿಗಳು) ಉದ್ದ. ಎರಡು ವರ್ಷ ಫಾರ್ಮಲಿನ್‌ನಲ್ಲಿದ್ದ ಮೀನಿನಲ್ಲಿ ಅಷ್ಟುದ್ದ ಸಿಗುವುದು ಕಷ್ಟ. ನೂರು ಇನ್ನೂರು ಬೇಸ್‌ಗಳ ಚೂರುಗಳು ಸಿಕ್ಕರೂ ಅದಕ್ಕೆ ಹಳೆಯ ಮಾದರಿಗಳಲ್ಲಿ ಪಳಗಿದ ಪ್ರಯೋಗಾಲಯವೇ ಬೇಕು. ವಿಚಿತ್ರವೆಂದರೆ ನಿಮ್ಮ ಮೀನುಗಳಿಗಿಂತ 19ನೇ ಶತಮಾನದ ಕೆಲವು ಜಾಡಿಗಳೇ ಈ ವಿಷಯದಲ್ಲಿ ಅದೃಷ್ಟವಂತ. ಫಾರ್ಮಾಲ್ಡಿಹೈಡ್ ಅಂಗಾಂಶವನ್ನು ಗಟ್ಟಿ ಮಾಡಿ ಉಳಿಸುತ್ತದೆಂದು ಫರ್ಡಿನಂಡ್ ಬ್ಲೂಮ್ ತೋರಿಸಿದ್ದು 1893ರಲ್ಲಿ, ಅದಕ್ಕೂ ಮುಂಚಿನವರು ನೇರ ಆಲ್ಕೋಹಾಲ್‌ಗೆ ಹಾಕುತ್ತಿದ್ದರು. ನಿಮಗೆ ಕಡಿಮೆ ಖರ್ಚಿನ ದಾರಿ, ಅನುಮತಿ ಪಡೆದು ಅದೇ ಹೊಳೆಯ ಅದೇ ಜಾಗದಿಂದ ಪ್ರಭೇದಕ್ಕೆ ಎರಡು ಮೂರು ಮೀನು ಹೊಸದಾಗಿ ತಂದು, ಈ ಸಲ ಸರದಿಯಂತೆ ಮಾಡಿ, ಹಳೆಯವುಗಳ ಜೊತೆ ಲಕ್ಷಣ ಹೋಲಿಸುವುದು.

ಜಾಗ ಯಾವುದೆಂದು ಯಾವ ರೀತಿಯಲ್ಲೂ ಗೊತ್ತಾಗದೆ ಉಳಿದ ಮೀನುಗಳನ್ನು ಪಾಠಕ್ಕೆ ಬಳಸಿ. ಪಿಎಚ್ ಚೆನ್ನಾಗಿದ್ದ ಬಾಟಲಿಯ ಸಣ್ಣ ಮೀನುಗಳನ್ನು ಪ್ರೋಟೀನು ಕರಗಿಸುವ ಟ್ರಿಪ್ಸಿನ್ ಎಂಬ ಕಿಣ್ವದಿಂದ ಪಾರದರ್ಶಕಗೊಳಿಸಿ, ಮೃದ್ವಸ್ಥಿಗೆ ಆಲ್ಸಿಯನ್ ನೀಲಿ, ಮೂಳೆಗೆ ಅಲಿಜರಿನ್ ಕೆಂಪು ಬಣ್ಣ ಹಿಡಿಸಿ ಗ್ಲಿಸರಿನ್‌ನಲ್ಲಿಟ್ಟರೆ ಅಸ್ಥಿಪಂಜರ ಕಲಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆಮ್ಲ ಹಿಡಿದ ಮೀನಿನ ಮೂಳೆ ಅಲಿಜರಿನ್ ಹೀರುವುದಿಲ್ಲ, ಅಂಥವುಗಳ ಮೇಲೆ ರಾಸಾಯನಿಕ ವ್ಯರ್ಥ ಮಾಡಬೇಡಿ. ಉಳಿದವನ್ನು ಮ್ಯೂಸಿಯಂಗೆ ಒಯ್ಯುವಾಗ ಜಾಡಿಗಳ ಜೊತೆ ಒಂದು ಜಾಡಿಗೆ ಒಂದು ಸಾಲಿನ ಪಟ್ಟಿ, ಅನುಮತಿಪತ್ರದ ಪ್ರತಿ, ಟಿಪ್ಪಣಿ ಪುಸ್ತಕದ ಸ್ಕ್ಯಾನ್, ಯಾವ ಮೀನು ಎಷ್ಟು ಕಾಲ ಯಾವ ದ್ರಾವಣದಲ್ಲಿತ್ತು ಎಂಬ ವಿವರ ಇರಲಿ. ಅವರು ಹಿಂದೇಟು ಹಾಕಿದ್ದು ಮೀನು ಬಾಗಿದ್ದಕ್ಕಲ್ಲದೆ ಈ ಕಾಗದಗಳಿಲ್ಲದ್ದಕ್ಕೂ ಇರಬಹುದು. ಪಟ್ಟಿಯನ್ನು ಮೊದಲು ಕಳಿಸಿ, ಯಾವ ಜಾಡಿಗಳು ಬೇಕೆಂದು ಅವರನ್ನೇ ಕೇಳಿ.